ಅಳಿವೆಯಲ್ಲಿ ಅಲೆ ಯಾಕೆ ಮುರಿಯುತ್ತದೆ?

ಗಾಳಿ ಜೋರಾದರೆ ದಡಕ್ಕೆ ಓಡಬೇಕು ಅನ್ನುವುದು ನೆಲದ ಮೇಲಿರುವವರ ಲೆಕ್ಕ. ಹೊನ್ನಾವರದ ಶರಾವತಿ ಅಳಿವೆಯಲ್ಲೋ ಗಂಗೊಳ್ಳಿಯ ಪಂಚಗಂಗಾವಳಿ ಅಳಿವೆಯಲ್ಲೋ ನಾಡದೋಣಿ ನಡೆಸುವವರ ಲೆಕ್ಕವೇ ಬೇರೆ. ಅವರಿಗೆ ನಡುಗಡಲಿಗಿಂತ ಹೊಳೆ ಕಡಲು ಸೇರುವ ಕಡೆಯ, ದಡದ ಹತ್ತಿರದ ಕೊನೆಯ ಹಾದಿಯೇ ದೊಡ್ಡ ಗಂಡಾಂತರ.

ಆಳದ ನೀರಲ್ಲಿ ಮುರಿಯದ ಅಲೆ ದೋಣಿಯನ್ನು ಎತ್ತಿ ಇಳಿಸುತ್ತದೆ, ಅಷ್ಟೇ. ಮುಂದೆ ಸಾಗುವುದು ಅಲೆಯ ಆಕಾರ. ನೀರು ಸುತ್ತು ಹಾಕಿ ಹೆಚ್ಚುಕಡಿಮೆ ಇದ್ದಲ್ಲಿಗೇ ಬರುತ್ತದೆ. 8 ಸೆಕೆಂಡಿಗೊಂದರಂತೆ ಬರುವ ಅಲೆಗಳ ನಡುವೆ ಸುಮಾರು 100 ಮೀಟರ್ ಅಂತರವಿರುತ್ತದೆ, ವೇಗ ಗಂಟೆಗೆ 45 ಕಿ.ಮೀ. ಅದೇ ಅಲೆ ಅಳಿವೆಯ ಬಾಯಲ್ಲಿ 3 ಮೀಟರ್ ನೀರಿರುವ ಮರಳ ದಿಬ್ಬದ ಮೇಲೆ ಬಂದಾಗ ವೇಗ ಸುಮಾರು 20 ಕಿ.ಮೀ.ಗೆ ಇಳಿದು, ಅಂತರ ಸುಮಾರು 43 ಮೀಟರಿಗೆ ಕುಗ್ಗುತ್ತದೆ. ಹಿಂದಿನ ಶಕ್ತಿಯೆಲ್ಲ ಇಕ್ಕಟ್ಟಾದ ಜಾಗದಲ್ಲಿ ಸೇರಿ ಅಲೆ ಕಡಿದಾಗಿ ನಿಲ್ಲುತ್ತದೆ. ಅದರ ಎತ್ತರ ನೀರಿನ ಆಳದ ಸುಮಾರು ಮುಕ್ಕಾಲು ಭಾಗವನ್ನು ಮುಟ್ಟಿತೆಂದರೆ ಮುರಿದು ಬೀಳುತ್ತದೆ. ಉಬ್ಬರದಲ್ಲಿ ಒಂದೂವರೆ ಮೀಟರಿನ ಅಲೆ ಮುರಿಯದೆ ದಾಟಿದ ದಿಬ್ಬದ ಮೇಲೆಯೇ, ಇಳಿತದಲ್ಲಿ ನೀರು 2 ಮೀಟರಿಗೆ ಇಳಿದಾಗ, ಅಷ್ಟೇ ಎತ್ತರದ ಅಲೆ ಮುರಿಯುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರೂ ಎದುರಿಗೆ ನುಗ್ಗುತ್ತಿದ್ದರೆ ಅಲೆಗಳು ಇನ್ನಷ್ಟು ಒತ್ತೊತ್ತಾಗುತ್ತವೆ. ಮಳೆಗಾಲದಲ್ಲಿ ಆಗುವುದು ಇದೇ. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದರೂ, 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳು ಕಡಲಿಗಿಳಿಯಬಹುದು. ಅಂದರೆ ಅಳಿವೆ ಅತಿ ಕೆರಳಿರುವ ತಿಂಗಳುಗಳಲ್ಲಿ ಅದನ್ನು ದಾಟುವುದು ಅತಿ ಚಿಕ್ಕ ದೋಣಿಗಳೇ.

ಒಳಗೆ ಬರುವಾಗ ಅಪಾಯ ಹಿಂದಿನಿಂದ ಬರುತ್ತದೆ. ಅಲೆಯ ವೇಗ ದೋಣಿಗಿಂತ ಹೆಚ್ಚು. ಅದು ಹಿಂಭಾಗವನ್ನು ಎತ್ತಿದಾಗ ಮೂತಿ ನೀರಿಗೆ ಕಚ್ಚುತ್ತದೆ. ಅಲೆಯ ನೆತ್ತಿಯ ನೀರೂ ದೋಣಿಯ ಜೊತೆಯಲ್ಲೇ ಮುಂದಕ್ಕೆ ಓಡುತ್ತಿರುವುದರಿಂದ ಚುಕ್ಕಾಣಿಯ ಮೇಲೆ ಹರಿವು ಉಳಿಯುವುದಿಲ್ಲ, ಹಿಡಿತ ತಪ್ಪುತ್ತದೆ. ದೋಣಿ ಅಡ್ಡ ತಿರುಗುತ್ತದೆ. ಮುರಿಯುವ ಅಲೆಗೆ ಪಕ್ಕೆ ಕೊಟ್ಟ ದೋಣಿ ಮಗುಚಲು ಒಂದೇ ಏಟು ಸಾಕು. ಒಳಗೆ ನೀರು ತುಂಬಿದ್ದರಂತೂ ಅದು ವಾಲಿದ ಕಡೆಗೇ ಹರಿದು ಮಗುಚುವುದನ್ನು ಸುಲಭ ಮಾಡುತ್ತದೆ.

ಆದ್ದರಿಂದಲೇ ಅನುಭವಿಗಳು ಹೊರಗೇ ನಿಂತು, ಅಲೆಗೆ ಮೂತಿ ಕೊಟ್ಟು ಕಾಯುತ್ತಾರೆ. ಆ ಕಾಯುವಿಕೆಯ ಹಿಂದೆ ಗಟ್ಟಿಯಾದ ಭೌತವಿಜ್ಞಾನವಿದೆ. ಸ್ವಲ್ಪ ಸ್ವಲ್ಪವೇ ಬೇರೆಯಾದ ಅಂತರದ ಅಲೆಗಳು ಒಂದರೊಡನೊಂದು ಕೂಡಿದಾಗ ದೊಡ್ಡವು ಗುಂಪಾಗಿ ಬರುತ್ತವೆ, ಆಮೇಲೆ ಕೆಲಹೊತ್ತು ಸಣ್ಣವು. ಆ ಬಿಡುವಿನಲ್ಲೇ ನುಗ್ಗಬೇಕು, ಅದೂ ಉಬ್ಬರ ಏರುವ ಹೊತ್ತಿನಲ್ಲಿ.

ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ. ಅದನ್ನು ಓದುವಾಗ ಒಂದು ಎಚ್ಚರ ಬೇಕು: 2 ಮೀಟರ್ ಎಂದರೆ ಎಲ್ಲ ಅಲೆಗಳಲ್ಲಿ ಅತಿ ದೊಡ್ಡವಾದ ಮೂರನೇ ಒಂದು ಭಾಗದ ಸರಾಸರಿ ಎತ್ತರ. ಕೆಲವು ಅಲೆಗಳು ಅದರ ಎರಡರಷ್ಟರ ಹತ್ತಿರಕ್ಕೂ ಏರಬಲ್ಲವು. ದಿಬ್ಬದ ಮೇಲೆ ಎಷ್ಟು ನೀರಿದೆ ಅನ್ನುವುದು ಆ ಸಂಖ್ಯೆಯಲ್ಲಿ ಸೇರಿಲ್ಲ. ಹೊಳೆಗೆ ನೆರೆ ಬಂದಾಗಲೆಲ್ಲ ಮರಳು ಜಾಗ ಬದಲಿಸುತ್ತದೆ. ನನ್ನ ಮಟ್ಟಿಗೆ, ನೆರೆ ಇಳಿದ ಕೂಡಲೇ ಅಳಿವೆಯ ಆಳ ಅಳೆದು, ಅಲೆಯ ಮುನ್ಸೂಚನೆಯ ಜೊತೆಗೇ ದೋಣಿಯವರ ಮೊಬೈಲಿಗೆ ಮುಟ್ಟಿಸುವುದು ಇವತ್ತಿನ ತುರ್ತು.