‘ಬಿನ್’, ‘ಕೋಂ’ ಮತ್ತು ಹೆಳವರ ಹೊತ್ತಿಗೆ

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಎತ್ತನ್ನೇರಿ ಗಂಟೆ ಬಾರಿಸುತ್ತ ಬರುತ್ತಿದ್ದವರು ಹೆಳವರು. ಮೂಲಪುರುಷ ಯಾವ ಊರು ಬಿಟ್ಟು ಬಂದ, ಮನೆದೇವರು ಯಾವುದು, ಬೆಡಗು ಯಾವುದು, ಯಾರಿಗೆ ಎಷ್ಟು ಮಂದಿ ಗಂಡುಮಕ್ಕಳು ಎಂದೆಲ್ಲ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು-ಬಟ್ಟೆ ಪಡೆದು ಮುಂದಿನ ಊರಿಗೆ ಹೊರಡುತ್ತಿದ್ದರು. 19ನೇ ಶತಮಾನದ ಹಿರಿಯರನ್ನು ಹುಡುಕುವವರಲ್ಲಿ ಕೆಲವರು ಈ ಹೊತ್ತಿಗೆಯನ್ನೇ ವೇದವಾಕ್ಯವೆಂದು ನಂಬುತ್ತಾರೆ. ಇನ್ನು ಕೆಲವರು ಇದು ಹೊಗಳಿ ಹೊಟ್ಟೆ ಹೊರೆಯುವವರ ಮಾತೆಂದು ತಳ್ಳಿ, ಸರ್ಕಾರಿ ಕಾಗದವೊಂದೇ ಸಾಕ್ಷಿ ಎನ್ನುತ್ತಾರೆ. ಎರಡೂ ಅವಸರದ ತೀರ್ಮಾನ. ದಾಖಲೆ ಯಾರದೆಂಬುದಕ್ಕಿಂತ, ಅದರಲ್ಲಿ ತಪ್ಪಿದ್ದರೆ ಹಿಡಿಯುವವರು ಯಾರಿದ್ದರು ಎಂಬುದೇ ಮುಖ್ಯ.

ಸಾಮಾನ್ಯ ರೈತನ ಹೆಸರು ಕಾಗದಕ್ಕೇರಿದ್ದು ಕಂದಾಯದ ದೆಸೆಯಿಂದ. ಮುಂಬೈ ಪ್ರಾಂತ್ಯದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1830ರ ದಶಕದಲ್ಲಿ ರೂಪಿಸಿದ ಸರ್ವೆ ಪದ್ಧತಿ ಮುಂದಿನ ದಶಕದಲ್ಲಿ ಧಾರವಾಡ ಸೀಮೆಗೆ ಬಂತು. ಹೊಲಕ್ಕೊಂದು ನಂಬರ್, ಕಂದಾಯಕ್ಕೆ ಹೊಣೆಯಾಗಿ ಒಬ್ಬ ಖಾತೆದಾರ. ‘ಬಸಪ್ಪ ಬಿನ್ ನಿಂಗಪ್ಪ’ ಎಂದರೆ ನಿಂಗಪ್ಪನ ಮಗ ಬಸಪ್ಪ. ಅರಬ್ಬಿಯಿಂದ ಬಂದ ‘ಬಿನ್’ ಎಂಬ ಪುಟ್ಟ ಪದದಲ್ಲಿ ಒಂದು ತಲೆಮಾರು ಅಡಗಿದೆ. ಆದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ನಮ್ಮದು. ಹಾಗಾಗಿ ಅದೇ ಹೊಲಕ್ಕೆ ಮುಂದೆ ನಿಂಗಪ್ಪ ಬಿನ್ ಬಸಪ್ಪ, ಆಮೇಲೆ ಮತ್ತೆ ಬಸಪ್ಪ ಬಿನ್ ನಿಂಗಪ್ಪ ಬರಬಹುದು. ಇಬ್ಬರು ಬಸಪ್ಪರನ್ನು ಒಬ್ಬನೇ ಎಂದುಕೊಂಡರೆ ಎರಡು ತಲೆಮಾರು ಮಾಯ. ಅಣ್ಣತಮ್ಮಂದಿರ ಸಾಲನ್ನೂ ಹೇಳುವ ಹೆಳವರ ಹೊತ್ತಿಗೆ ಈ ಗಂಟನ್ನು ಬಿಡಿಸಬಲ್ಲದು.

ಕಾಲದ ವಿಷಯದಲ್ಲಿ ನೆರವು ಎದುರು ದಿಕ್ಕಿನಿಂದ ಬರುತ್ತದೆ. ಹಿರಿಯ ‘ಧಾತು ಸಂವತ್ಸರದ ಬರಕ್ಕೆ’ ಊರು ಬಿಟ್ಟ ಎಂಬ ಮಾತು ಮನೆತನದಲ್ಲಿ ಉಳಿದಿದೆ ಎನ್ನೋಣ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಧಾತು 1816-17ಕ್ಕೂ ಬಂತು, 1876-77ಕ್ಕೂ ಬಂತು. ಎರಡನೆಯದು ಮಹಾಕ್ಷಾಮ ಶುರುವಾದ ವರ್ಷ. 1871ರಲ್ಲಿ ಸುಮಾರು 50 ಲಕ್ಷ ಜನರಿದ್ದ ಮೈಸೂರು ಸಂಸ್ಥಾನದಲ್ಲೇ 1881ರ ಹೊತ್ತಿಗೆ ಉಳಿದವರು ಸುಮಾರು 42 ಲಕ್ಷ. ಆದರೂ ಬರದ ದೊಡ್ಡತನ ನೋಡಿ ವರ್ಷ ನಿರ್ಧರಿಸುವುದು ಊಹೆಯಷ್ಟೆ. ಆ ಹಿರಿಯನೇ 1860ರ ದಶಕದಲ್ಲಿ ಹಳೆಯ ಊರಿನ ಖಾತೆಯಲ್ಲಿ ಕಂಡರೆ ಮಾತ್ರ 1816 ತಾನಾಗಿ ಬಿದ್ದುಹೋಗುತ್ತದೆ.

ಹೆಳವರು ಒಕ್ಕಲನ್ನು ಮೆಚ್ಚಿಸಲು ಕಥೆ ಕಟ್ಟುವುದಿಲ್ಲವೇ? ಕಟ್ಟಬಹುದು, ಆದರೆ ಎಲ್ಲ ಕಡೆಯೂ ಅಲ್ಲ. ಅಜ್ಜ, ಮುತ್ತಜ್ಜನ ಹೆಸರು ತಪ್ಪಿದರೆ ಎದುರಿಗೆ ಕೂತ ಮುದುಕರು ಅಲ್ಲೇ ತಡೆಯುತ್ತಾರೆ, ಕಾಳಿಗೂ ಕತ್ತರಿ ಬೀಳುತ್ತದೆ. ಹತ್ತನೇ ತಲೆಮಾರಿನ ರಾಜಸಂಬಂಧವನ್ನು ಪ್ರಶ್ನಿಸುವವರಿಲ್ಲ. ನಮ್ಮ ಅನುಮಾನ ಅಲ್ಲಿರಲಿ. ಸರ್ಕಾರಿ ಕಾಗದವೂ ನಿಸ್ಪೃಹವಲ್ಲ. ಮುಂಬೈ ಪ್ರಾಂತ್ಯದಲ್ಲಿ 1852ರ ಕಾಯ್ದೆಯಡಿ ಇನಾಮುಗಳ ವಿಚಾರಣೆ ನಡೆದಾಗ, ಜಮೀನು ಉಳಿಯಬೇಕಾದರೆ ವಂಶದ ಎಳೆ ಕಡಿಯದೆ ಬಂದಿದೆ ಎಂದು ತೋರಿಸುವುದರಲ್ಲೇ ಇನಾಮುದಾರನ ಹಿತವಿತ್ತು. ಅವಿಭಕ್ತ ಕುಟುಂಬದಲ್ಲಿ ಖಾತೆ ಹಿರಿಯನ ಹೆಸರಿಗಿದ್ದರೆ, ಜೊತೆಗೆ ದುಡಿದ ತಮ್ಮಂದಿರು ಅದರಲ್ಲಿ ಕಾಣುವುದಿಲ್ಲ.

ಎರಡನ್ನೂ ಕೂಡಿಸಿದರೂ ಚಿತ್ರ ತುಂಬುವುದಿಲ್ಲ ಎಂಬ ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು. ಹೆಳವರು ಎಲ್ಲ ಜಾತಿಯ ಮನೆಗೂ ಬರುವವರಲ್ಲ. ಹೊಲವಿಲ್ಲದ ಕೂಲಿಗೆ ಖಾತೆಯೂ ಇಲ್ಲ. ಅಂಥವನ ಹೆಸರು ಸಿಗದಿದ್ದರೆ ಅವನು ಆ ಊರಿನಲ್ಲಿ ಬಾಳಲಿಲ್ಲ ಎಂದಲ್ಲ, ಅವನಿಂದ ಕಾಳೂ ಕಂದಾಯವೂ ಹುಟ್ಟಲಿಲ್ಲ ಎಂದಷ್ಟೇ ಅರ್ಥ. ಹೆಂಗಸಿನದೂ ಹೆಚ್ಚುಕಡಿಮೆ ಇದೇ ಪಾಡು. ಗಂಡ ತೀರಿಕೊಂಡು ಹೊಲ ಅವಳ ಹೆಸರಿಗೆ ಬಂದರೆ ‘ನೀಲವ್ವ ಕೋಂ ಬಸಪ್ಪ’ ಎಂದು ಒಂದು ಸಾಲಿನಲ್ಲಿ ಕಾಣುತ್ತಾಳೆ. ಅಲ್ಲಿಯೂ ‘ಕೋಂ’ ಹೇಳುವುದು ಅವಳ ಗಂಡ ಯಾರೆಂದು. ಅವಳು ಯಾರ ಮಗಳೆಂದು ಕಂದಾಯಕ್ಕೆ ಬೇಕಿರಲಿಲ್ಲ.