ಮನೆಯ ಋಣವೂ ಊರಿನ ಮುಯ್ಯಿಯೂ: ಚೀನ ದೇಶದ ಹಳ್ಳಿಗಳಲ್ಲಿ ಗೃಹಿಣಿಯ ಬಾಳು

ಈ ಶಾಲೆಯನ್ನು ಬಿಟ್ಟು ಸಂಸಾರವಂತೆಯರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಹೇಳಿಕೊಳ್ಳುವ ಕಷ್ಟಗಳಲ್ಲಿ ಒಂದು ಎಲ್ಲರಿಗೂ ಸಾಮಾನ್ಯವಾಗಿರುತ್ತದೆ. ಮನೆಯಲ್ಲಿ ವೃದ್ಧರೂ ಮಕ್ಕಳೂ ಇರುವಾಗ ನೆಂಟರಿಷ್ಟರ ಮದುವೆ, ನಾಮಕರಣ, ಮರಣಕಾರ್ಯ, ಸಂಘದ ಕೂಟ ಮುಂತಾದವುಗಳಿಗೆ ಹೋಗಿಬರುವುದು ಹೇಗೆ? ಹೋಗದಿದ್ದರೆ ನಿಷ್ಠುರ; ಹೋದರೆ ಮನೆಗೆಲಸಕ್ಕೆ ಕುಂದು. ಈ ತೊಡಕು ನಮ್ಮ ನಾಡಿನದು ಮಾತ್ರವಲ್ಲ. ಚೀನ ದೇಶದ ಹಳ್ಳಿಗಳಲ್ಲಿ ಇದನ್ನು ನಿಭಾಯಿಸುವುದಕ್ಕೆ ಬಹುಕಾಲದಿಂದ ಒಂದು ಕ್ರಮವೇ ಏರ್ಪಟ್ಟಿದೆ. ಆ ಕ್ರಮದ ಗುಣವನ್ನೂ, ಅದರ ಭಾರವು ಯಾರ ಹೆಗಲಿನ ಮೇಲೆ ಬೀಳುತ್ತದೆಂಬುದನ್ನೂ ತಿಳಿದುಕೊಂಡರೆ ನಮಗೂ ಪ್ರಯೋಜನವುಂಟೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಚೀನದ ಹಳ್ಳಿಗಳೆಂದರೆ ಅಲ್ಪ ವಿಷಯವಲ್ಲ. ೨೦೨೦ನೆಯ ಇಸವಿಯ ಜನಗಣತಿಯ ಪ್ರಕಾರ ಆ ದೇಶದ ೧೪೧ ಕೋಟಿ ಜನರಲ್ಲಿ ಸುಮಾರು ೫೧ ಕೋಟಿ ಜನರು ಹಳ್ಳಿಗಳಲ್ಲಿ ವಾಸಿಸುತ್ತಿದ್ದರು. ಉತ್ತರದ ಗೋಧಿಯ ಸೀಮೆಗೂ ದಕ್ಷಿಣದ ಭತ್ತದ ಸೀಮೆಗೂ ಆಚಾರಭೇದಗಳು ಬಹಳವಿದ್ದರೂ ಬಂಧುತ್ವದ ವಿಷಯದಲ್ಲಿ ಮೂಲಭಾವನೆಯು ಬಹುಮಟ್ಟಿಗೆ ಒಂದೇ ಆಗಿದೆ. ಅದನ್ನು ಸ್ಪಷ್ಟವಾಗಿ ವಿವರಿಸಿದವರು ಫೇಯ್ ಷಿಯಾವೊತುಂಗ್ (೧೯೧೦–೨೦೦೫) ಎಂಬ ಪ್ರಸಿದ್ಧ ಪಂಡಿತರು. ಅವರು ೧೯೩೬ರಲ್ಲಿ ಜಿಯಾಂಗ್ಸು ಪ್ರಾಂತದಲ್ಲಿ ತಾಯ್ ಸರೋವರದ ದಡದ ಕೈಷಿಯೆನ್‌ಗೊಂಗ್ ಎಂಬ ಹಳ್ಳಿಯ ರೈತಜೀವನವನ್ನು ಪರಿಶೀಲಿಸಿ, ೧೯೩೯ರಲ್ಲಿ ಲಂಡನ್ನಿನಲ್ಲಿ ಅದರ ವಿಷಯವಾಗಿ ಗ್ರಂಥವೊಂದನ್ನು ಪ್ರಕಟಿಸಿದರು. ಮುಂದೆ ಬರೆದ ಇನ್ನೊಂದು ಗ್ರಂಥದಲ್ಲಿ ಅವರು ಹಳ್ಳಿಯ ಸಮಾಜವನ್ನು ಕೆರೆಯ ನೀರಿಗೆ ಕಲ್ಲು ಬಿದ್ದಾಗ ಏಳುವ ಅಲೆಯ ಉಂಗುರಗಳಿಗೆ ಹೋಲಿಸಿದ್ದಾರೆ. ನಡುವಿನ ಉಂಗುರದಲ್ಲಿ ತಂದೆತಾಯಿಗಳೂ ಮಕ್ಕಳೂ. ಅದರ ಹೊರಗೆ ಅಣ್ಣತಮ್ಮಂದಿರು. ಅದರಾಚೆಗೆ ಕುಲಸ್ಥರು, ನೆರೆಯವರು, ಸ್ನೇಹಿತರು. ಹೊರಗೆ ಹೋದಂತೆಲ್ಲ ಕರ್ತವ್ಯವು ತೆಳುವಾಗುತ್ತದೆಯೇ ಹೊರತು, ಇಲ್ಲಿಗೆ ಮನೆ ಮುಗಿಯಿತು, ಇಲ್ಲಿಂದ ಊರು ಮೊದಲಾಯಿತು ಎಂದು ಗೋಡೆ ಹಾಕಿ ತೋರಿಸಲಾಗುವುದಿಲ್ಲ. ಆದಕಾರಣ ಅಲ್ಲಿಯ ಗೃಹಿಣಿಯು ಮನೆಯೋ ಊರೋ ಎಂದು ಕೇಳುವುದಿಲ್ಲ. ಯಾವ ಉಂಗುರಕ್ಕೆ ಮೊದಲು, ಯಾವುದಕ್ಕೆ ಎಷ್ಟು ಎಂದೇ ಕೇಳುತ್ತಾಳೆ.

ಮೊದಲು ಮನೆಯ ಋಣವನ್ನು ನೋಡೋಣ. ತಂದೆತಾಯಿಗಳನ್ನು ಮುಪ್ಪಿನಲ್ಲಿ ಸಲಹುವುದು ಮಕ್ಕಳ ಪ್ರಥಮ ಧರ್ಮವೆಂಬುದು ಅಲ್ಲಿಯ ಪುರಾತನ ಬೋಧೆ. ಗಂಡುಮಕ್ಕಳು ಬೇರೆಯಾಗುವಾಗ ಆಸ್ತಿಯೊಡನೆ ಈ ಹೊಣೆಯೂ ಹಂಚಲ್ಪಡುತ್ತದೆ. ಎಷ್ಟೋ ಹಳ್ಳಿಗಳಲ್ಲಿ ವೃದ್ಧರು ಸರದಿಯ ಪ್ರಕಾರ ಒಬ್ಬೊಬ್ಬ ಮಗನ ಮನೆಯಲ್ಲಿ ಗೊತ್ತಾದ ದಿನಗಳವರೆಗೆ ಊಟಮಾಡುವ ಪದ್ಧತಿಯಿದೆ. ಮಗನ ಸರದಿಯೆಂದು ಹೆಸರಾದರೂ, ಅಡಿಗೆ ಮಾಡಿ ಬಡಿಸುವ ಸರದಿಯು ಸೊಸೆಯದೆಂಬುದನ್ನು ನಾವು ಬೇರೆ ಹೇಳಬೇಕಾಗಿಲ್ಲ. ಸೊಸೆಯು ಹೆತ್ತರೆ ಒಂದು ತಿಂಗಳ ಬಾಣಂತನವನ್ನು ಸಾಮಾನ್ಯವಾಗಿ ಅತ್ತೆಯು ನೋಡಿಕೊಳ್ಳುತ್ತಾಳೆ. ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಬರುವ ಛಿಂಗ್‌ಮಿಂಗ್ ಹಬ್ಬದಲ್ಲಿ ಪೂರ್ವಿಕರ ಸಮಾಧಿಗಳನ್ನು ಗುಡಿಸಿ ಶುಚಿಗೊಳಿಸಬೇಕು. ಇವೆಲ್ಲವೂ ಗಂಡನ ಮನೆಯ ಕಡೆಯ ಕರ್ತವ್ಯಗಳು. ಮದುವೆಯಾದ ಮಗಳು ಚೆಲ್ಲಿದ ನೀರೆಂಬುದು ಅಲ್ಲಿಯ ಹಳೆಯ ಗಾದೆ. ಆದರೂ ತವರಿನ ನಂಟು ಹರಿಯುವುದಿಲ್ಲ. ಬಹುಸೀಮೆಗಳಲ್ಲಿ ಹೊಸವರ್ಷದ ಎರಡನೆಯ ದಿನವು ಮಗಳು ಗಂಡನನ್ನೂ ಮಕ್ಕಳನ್ನೂ ಕರೆದುಕೊಂಡು ತವರಿಗೆ ಹೋಗುವ ದಿನವೆಂದು ಗೊತ್ತಾಗಿದೆ.

ಇನ್ನು ಊರಿನ ಮುಯ್ಯಿ. ನಮ್ಮ ನಾಡಿನಲ್ಲಿಯೂ ಮದುವೆಯಲ್ಲಿ ಮುಯ್ಯಿ ಓದಿಸುವುದುಂಟು. ಹೊಲದ ಕೆಲಸಕ್ಕೆ ಮುಯ್ಯಾಳಾಗಿ ಹೋಗುವುದುಂಟು. ಚೀನದ ಹಳ್ಳಿಗಳಲ್ಲಿ ಇವೆರಡೂ ಬಹು ವ್ಯವಸ್ಥಿತವಾದವು. ಮದುವೆ, ಮಗುವಿಗೆ ತಿಂಗಳು ತುಂಬಿದ ಔತಣ, ಹಿರಿಯರ ಅರುವತ್ತನೆಯ ಹುಟ್ಟುಹಬ್ಬ, ಹೊಸ ಮನೆಯ ತೊಲೆಯೇರಿಸುವುದು, ಮರಣ ಇವುಗಳಲ್ಲಿ ಪ್ರತಿಯೊಂದಕ್ಕೂ ನೆಂಟರೂ ನೆರೆಯವರೂ ಹಣವನ್ನು ತರುತ್ತಾರೆ. ಶುಭಕ್ಕೆ ಕೆಂಪು ಕಾಗದದಲ್ಲಿ, ಮರಣಕ್ಕೆ ಬಿಳಿಯ ಕಾಗದದಲ್ಲಿ ಸುತ್ತಿ ಕೊಡುವುದು ವಾಡಿಕೆ. ಅಕ್ಷರ ಚೆನ್ನಾಗಿ ಬರೆಯಬಲ್ಲ ಒಬ್ಬನು ಬಾಗಿಲ ಬಳಿ ಮೇಜಿನ ಮುಂದೆ ಕುಳಿತು ಕೊಟ್ಟವನ ಹೆಸರನ್ನೂ ಮೊಬಲಗನ್ನೂ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾನೆ. ಈ ಪಟ್ಟಿಯನ್ನು ಮನೆಯವರು ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಂಡು, ಕೊಟ್ಟವನ ಮನೆಯಲ್ಲಿ ಕಾರ್ಯವಾದಾಗ ತೆಗೆದು ನೋಡುತ್ತಾರೆ. ಹೇಲುಂಗ್‌ಜಿಯಾಂಗ್ ಪ್ರಾಂತದ ಷಿಯಾಜಿಯಾ ಎಂಬ ಹಳ್ಳಿಯಲ್ಲಿ ಯೌವನವನ್ನು ಕಳೆದ ಯಾನ್ ಯುನ್‌ಷಿಯಾಂಗ್ ಎಂಬ ವಿದ್ವಾಂಸರು ಇಂಥ ಪಟ್ಟಿಗಳನ್ನೇ ಆಧಾರವಾಗಿಟ್ಟುಕೊಂಡು ಆ ಹಳ್ಳಿಯ ಕೊಡುಕೊಳೆಯ ವಿಷಯವಾಗಿ ೧೯೯೬ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಪಡೆದಷ್ಟನ್ನೇ ಸರಿಯಾಗಿ ಹಿಂದಿರುಗಿಸುವುದು ಯೋಗ್ಯವಲ್ಲ; ತುಸು ಹೆಚ್ಚಿಗೆ ಕೊಡಬೇಕು. ಲೆಕ್ಕವು ತೀರಿಹೋದರೆ ನಂಟೂ ತೀರಿಹೋಯಿತೆಂದು ಅರ್ಥ. ಈ ದಾಕ್ಷಿಣ್ಯಕ್ಕೆ ಅವರು ರೆನ್‌ಛಿಂಗ್ ಎಂದು ಹೆಸರಿಟ್ಟಿದ್ದಾರೆ. ಮನುಷ್ಯನಿಗೆ ಮನುಷ್ಯನ ಮೇಲಿರಬೇಕಾದ ಭಾವವೆಂಬುದೇ ಅದರ ತಾತ್ಪರ್ಯ.

ಹಣವು ಮಾತ್ರ ಸಾಲದು, ಆಳೂ ಬೇಕು. ಔತಣವಾದರೆ ನೆರೆಯವರ ಮೇಜು, ಮಣೆ, ಬೋಗುಣಿಗಳು ಅಂಗಳಕ್ಕೆ ಬರುತ್ತವೆ. ಹೆಂಗಸರು ತರಕಾರಿ ಹೆಚ್ಚುವುದಕ್ಕೂ ಪಾತ್ರೆ ತೊಳೆಯುವುದಕ್ಕೂ ಬರುತ್ತಾರೆ. ಮರಣವಾದರೆ ಕರೆಯುವುದಕ್ಕೆ ಕಾಯದೆ ಸುದ್ದಿ ಮುಟ್ಟಿದೊಡನೆ ಹೋಗತಕ್ಕದ್ದು. ಶವಪೆಟ್ಟಿಗೆಯನ್ನು ಹೊರುವವರು ಊರಿನವರೇ. ಇತರರ ಮನೆಗೆ ಹೋಗದವನ ಮನೆಯ ಪೆಟ್ಟಿಗೆಗೆ ಹೆಗಲು ದೊರೆಯುವುದು ಕಷ್ಟ. ಈ ಒಂದು ಭಯವು ಎಷ್ಟು ಮುನಿಸುಗಳನ್ನು ಅಳಿಸಿ ಜನರನ್ನು ಒಂದುಗೂಡಿಸಿರುವುದೋ ಹೇಳಲಾಗದು.

ಇಷ್ಟೆಲ್ಲ ಹೊಣೆಗಳನ್ನು ಒಂದು ಬಡಕುಟುಂಬವು ಹೊರುವುದು ಹೇಗೆ? ಅದಕ್ಕೆ ನಾಲ್ಕು ಉಪಾಯಗಳಿವೆ. ಮೊದಲನೆಯದಾಗಿ, ಸಾಮಾನ್ಯವಾದ ಕಾರ್ಯಗಳಲ್ಲಿ ಲೆಕ್ಕಕ್ಕೆ ಬರುವುದು ವ್ಯಕ್ತಿಯಲ್ಲ, ಮನೆ. ಮನೆಯಿಂದ ಒಬ್ಬರು ಹೋದರೆ ಮನೆಯೇ ಹೋದಂತೆ. ಉಳಿದವರು ತಮ್ಮ ಕೆಲಸದಲ್ಲಿರಬಹುದು. ಎರಡನೆಯದಾಗಿ, ಪಂಚಾಂಗದ ಕಟ್ಟು. ಮದುವೆಗಳನ್ನು ಬಹುಮಟ್ಟಿಗೆ ಸುಗ್ಗಿ ಮುಗಿದ ಚಳಿಗಾಲದಲ್ಲಿ ಇಟ್ಟುಕೊಳ್ಳುತ್ತಾರೆ. ಹೊಸವರ್ಷದಲ್ಲಿ ಯಾವ ದಿನ ಯಾರ ಮನೆಗೆಂಬುದು ಮೊದಲೇ ಗೊತ್ತಾಗಿರುವುದರಿಂದ ನಿಷ್ಠುರಕ್ಕೆ ಎಡೆಯಿಲ್ಲ. ಮೂರನೆಯದಾಗಿ, ಮೇಲೆ ಹೇಳಿದ ಪಟ್ಟಿ. ಸಮೀಪದವರಿಗೆ ಹೆಚ್ಚು, ದೂರದವರಿಗೆ ಕಡಿಮೆ ಎಂಬ ದರವು ಊರಿಗೆಲ್ಲ ತಿಳಿದಿರುವುದರಿಂದ ಶಕ್ತಿಮೀರಿ ಕೊಡಬೇಕಾದ ಪ್ರಸಂಗವು ಕಡಿಮೆಯಾಗುತ್ತದೆ. ನಾಲ್ಕನೆಯದು, ನಮ್ಮವರ ಚೀಟಿಯನ್ನು ಹೋಲುವ ಹಣದ ಕೂಟ. ಫೇಯ್ ಅವರು ಕಂಡ ಹಳ್ಳಿಯಲ್ಲಿ ಮದುವೆಗೋ ಮರಣಕಾರ್ಯಕ್ಕೋ ಹಣ ಬೇಕಾದವನು ಬಂಧುಗಳನ್ನೂ ಸ್ನೇಹಿತರನ್ನೂ ಸೇರಿಸಿ ಕೂಟವನ್ನೇರ್ಪಡಿಸಿ ಮೊದಲನೆಯ ಮೊತ್ತವನ್ನು ತಾನು ಪಡೆಯುತ್ತಿದ್ದನು; ಮುಂದೆ ಉಳಿದವರು ಒಬ್ಬೊಬ್ಬರಾಗಿ ಪಡೆಯುತ್ತಿದ್ದರು. ಹೀಗೆ ಒಬ್ಬನ ಕಷ್ಟವು ಹಲವರ ಮೇಲೂ ಹಲವು ವರ್ಷಗಳ ಮೇಲೂ ಹರಡಿ ಹಗುರವಾಗುತ್ತಿತ್ತು.

ಈ ಏರ್ಪಾಡು ಜನರು ಊರಿನಲ್ಲಿಯೇ ಇರುವರೆಂಬ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯು ಈಗ ಸಡಿಲವಾಗಿದೆ. ೧೯೫೮ರಲ್ಲಿ ಬಂದ ಕುಟುಂಬ ನೋಂದಣಿಯ ಕಾನೂನು ಹಳ್ಳಿಗರನ್ನೂ ಪಟ್ಟಣಿಗರನ್ನೂ ಬೇರೆ ಬೇರೆಯಾಗಿ ದಾಖಲೆ ಮಾಡಿ, ಹಳ್ಳಿಯವರು ಪಟ್ಟಣದಲ್ಲಿ ನೆಲಸುವುದನ್ನು ತಡೆಯಿತು. ೧೯೭೮ರ ಸುಧಾರಣೆಗಳ ತರುವಾಯ ಪಟ್ಟಣಗಳ ಕಾರ್ಖಾನೆಗಳು ಆಳುಗಳನ್ನು ಕರೆದವು. ಆದರೆ ನೋಂದಣಿಯು ಹಳ್ಳಿಯಲ್ಲಿಯೇ ಉಳಿದದ್ದರಿಂದ ಮಕ್ಕಳ ಶಾಲೆಗೂ ಇತರ ಸೌಕರ್ಯಗಳಿಗೂ ಪಟ್ಟಣದಲ್ಲಿ ತೊಡಕಾಯಿತು. ೨೦೨೩ರಲ್ಲಿ ಹಳ್ಳಿಯ ನೋಂದಣಿಯುಳ್ಳ ಕೂಲಿಕಾರರು ೨೯ ಕೋಟಿ ೭೫ ಲಕ್ಷ ಮಂದಿಯಿದ್ದರೆಂದು ಸರ್ಕಾರದ ಲೆಕ್ಕವು ಹೇಳುತ್ತದೆ. ಅವರಲ್ಲಿ ೧೭ ಕೋಟಿಗೂ ಹೆಚ್ಚು ಮಂದಿ ತಮ್ಮ ಊರಿನ ಎಲ್ಲೆಯನ್ನು ಬಿಟ್ಟು ದುಡಿಯುತ್ತಿದ್ದರು. ತಂದೆತಾಯಿಗಳಿಬ್ಬರೂ ಹೊರಗೆ ಹೋಗಿ ಹಳ್ಳಿಯಲ್ಲಿ ಉಳಿದ ಮಕ್ಕಳು ೨೦೧೬ರಲ್ಲಿ ೯೦ ಲಕ್ಷವಿದ್ದರು. ಅವರಲ್ಲಿ ನೂರಕ್ಕೆ ೮೯ ಮಂದಿಯನ್ನು ಅಜ್ಜ ಅಜ್ಜಿಯಂದಿರೇ ಸಾಕುತ್ತಿದ್ದರು. ಸಲಹಿಸಿಕೊಳ್ಳಬೇಕಾದ ಮುಪ್ಪಿನಲ್ಲಿ ಸಲಹುವ ಕೆಲಸವು ಪುನಃ ಅಜ್ಜಿಯ ಕೈಗೆ ಬಂದಿದೆ; ಊರಿನ ಕಾರ್ಯಗಳಿಗೆ ಮನೆಯ ಪರವಾಗಿ ಹೋಗುವವಳೂ ಅನೇಕ ಮನೆಗಳಲ್ಲಿ ಅವಳೇ.

ಹೊರಗೆ ಹೋದ ಮಕ್ಕಳು ಹೊಸವರ್ಷಕ್ಕೆ ಹಿಂದಿರುಗುತ್ತಾರೆ. ರೈಲುಗಳ ಆ ದಟ್ಟಣೆಯು ಸುಮಾರು ೪೦ ದಿನಗಳವರೆಗೆ ಇರುತ್ತದೆ. ಆದರೆ ಒಬ್ಬೊಬ್ಬರಿಗೆ ಸಿಕ್ಕುವ ರಜೆಯು ಕೆಲವೇ ದಿನಗಳದು. ವರ್ಷವಿಡೀ ಹರಡಿದ್ದ ಕಾರ್ಯಗಳೆಲ್ಲ ಈಗ ಆ ಕೆಲವು ದಿನಗಳಲ್ಲಿ ಕಿಕ್ಕಿರಿದಿವೆ. ನಿಶ್ಚಿತಾರ್ಥ, ಮದುವೆ, ಹಿರಿಯರ ಭೇಟಿ, ತವರಿನ ಪ್ರಯಾಣ ಎಲ್ಲವನ್ನೂ ಒಂದೇ ರಜೆಯಲ್ಲಿ ಮುಗಿಸಿ ಪುನಃ ಕಾರ್ಖಾನೆಗೆ ಓಡಬೇಕು. ೨೦೧೪ರಿಂದೀಚೆಗೆ ಮುಯ್ಯಿಯ ಹಣವನ್ನು ಫೋನಿನ ಮೂಲಕ ಕಳುಹಿಸುವ ರೂಢಿಯು ಹಬ್ಬಿದೆ. ಹಣವು ಹೀಗೆ ತಲುಪಬಹುದು. ಪೆಟ್ಟಿಗೆ ಹೊರುವ ಹೆಗಲನ್ನು ಫೋನಿನಲ್ಲಿ ಕಳುಹಿಸಲಾಗುವುದಿಲ್ಲ.

ಇದರೊಡನೆ ಆಡಂಬರವೂ ಸೇರಿತು. ಪಟ್ಟಣದ ದುಡಿಮೆಯಿಂದ ಔತಣಗಳು ದೊಡ್ಡವಾದವು, ಮುಯ್ಯಿಯ ದರವೇರಿತು, ವರನ ಕಡೆಯವರು ವಧುವಿನ ಮನೆಗೆ ಕೊಡಬೇಕಾದ ತೆರವು ಅನೇಕ ಕಡೆಗಳಲ್ಲಿ ಸಾಲದ ಮೂಲವಾಯಿತು. ದುಂದನ್ನು ಮಿತಿಗೊಳಿಸುವುದಕ್ಕಾಗಿ ಹಳ್ಳಿಗಳಲ್ಲಿ ಮದುವೆ ಮರಣಗಳ ವಿಷಯದ ಪಂಚಾಯಿತಿಗಳು ಏರ್ಪಟ್ಟಿವೆ. ತೆರವನ್ನು ಹಿಂದಿರುಗಿಸುವ ವ್ಯಾಜ್ಯಗಳ ಬಗ್ಗೆ ಆ ದೇಶದ ಪರಮೋಚ್ಚ ನ್ಯಾಯಾಲಯವು ಮಾಡಿದ ನಿಯಮಗಳು ೨೦೨೪ರ ಫೆಬ್ರವರಿ ೧ರಿಂದ ಜಾರಿಗೆ ಬಂದವು. ದೂರದಲ್ಲಿರುವ ಮಕ್ಕಳು ವೃದ್ಧರನ್ನು ಆಗಾಗ ಕಾಣಬೇಕು, ಇಲ್ಲವೆ ಕ್ಷೇಮವನ್ನು ವಿಚಾರಿಸಬೇಕೆಂದು ೨೦೧೩ರ ಜುಲೈ ೧ರಿಂದ ಕಾನೂನೇ ಹೇಳುತ್ತದೆ. ಪ್ರೀತಿಯಿಂದ ನಡೆಯತಕ್ಕ ಕಾರ್ಯವು ಕಾನೂನಿನ ಪುಸ್ತಕಕ್ಕೆ ಬಂದಿತೆಂದರೆ ಹಳೆಯ ಕಟ್ಟು ಎಷ್ಟು ಸಡಿಲವಾಯಿತೆಂಬುದನ್ನು ವಾಚಕರೇ ಊಹಿಸಬಹುದು.

ಚೆಲ್ಲಿದ ನೀರೆನಿಸಿದ ಹೆಣ್ಣುಮಗಳ ಸ್ಥಿತಿಯಲ್ಲಿಯೂ ವ್ಯತ್ಯಾಸವಾಗಿದೆ. ಸುಮಾರು ೧೯೮೦ರಿಂದ ೨೦೧೫ರವರೆಗೆ ನಡೆದ ಸಂತಾನನಿಯಂತ್ರಣದ ಕಾಲದಲ್ಲಿ ಗಂಡುಮಕ್ಕಳಿಲ್ಲದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳೇ ತಂದೆತಾಯಿಗಳಿಗೆ ಊರುಗೋಲಾದರು. ಮದುವೆಯಾಗಿ ಹೋದವಳಿಗೆ ಗಂಡನ ಊರಿನಲ್ಲಿ ಭೂಮಿ ದೊರೆಯುವ ಮೊದಲು ತವರೂರಿನವರು ಅವಳ ಪಾಲಿನ ಭೂಮಿಯನ್ನು ಕಸಿದುಕೊಳ್ಳಬಾರದೆಂದು ೨೦೦೨ರಲ್ಲಿ ಅಂಗೀಕೃತವಾದ ಭೂಮಿಯ ಕಾನೂನು ವಿಧಿಸಿತು. ಆದರೂ ಋಣವನ್ನು ಎರಡು ಮನೆಗಳಿಗೂ ಸಲ್ಲಿಸುವವಳಿಗೆ ಹಕ್ಕು ಎರಡು ಮನೆಗಳಲ್ಲಿಯೂ ಸಿಕ್ಕದಿರುವ ವ್ಯಾಜ್ಯಗಳು ಪೂರ್ತಿಯಾಗಿ ತೀರಿಲ್ಲ.

ಅಲ್ಲಿಯ ಕ್ರೈಸ್ತರಿಗೆ ಈ ವಿಷಯದಲ್ಲಿ ಬೇರೊಂದು ಶೋಧನೆಯೂ ಇತ್ತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರೇ ೧೮೪೭ರಲ್ಲಿ ದಕ್ಷಿಣ ಚೀನಕ್ಕೆ ಹೋಗಿ ಹಕ್ಕಾ ಜನರ ನಡುವೆ ಸೇವೆಯನ್ನಾರಂಭಿಸಿದರು. ಹಕ್ಕಾ ಹೆಂಗಸರು ಪಾದಗಳನ್ನು ಕಟ್ಟಿಸಿಕೊಳ್ಳದೆ ಹೊಲದಲ್ಲಿ ದುಡಿಯುವ ಶ್ರಮಜೀವಿಗಳಾಗಿದ್ದರು. ಪೂರ್ವಿಕರ ಆರಾಧನೆಗೂ ದೇವಾಲಯದ ಉತ್ಸವಕ್ಕೂ ಸೇರದ ಕ್ರೈಸ್ತನು ಕುಲವನ್ನೂ ಊರನ್ನೂ ತೊರೆದನೆಂಬ ಆಕ್ಷೇಪವು ಚೀನದ ಹಳ್ಳಿಗಳಲ್ಲಿ ಹುಟ್ಟಿತು. ಸಮಾಧಿಯನ್ನು ಶುಚಿಗೊಳಿಸಿ ಹೂವನ್ನಿಟ್ಟು ಪ್ರಾರ್ಥಿಸುವುದು, ಧೂಪ ಹಾಕದಿದ್ದರೂ ಮರಣದ ಮನೆಗೆ ಹೋಗಿ ದುಡಿಯುವುದು ಇಂಥ ಮಾರ್ಗಗಳಿಂದ ಅನೇಕರು ನಂಬಿಕೆಯನ್ನೂ ನೆರೆಹೊರೆಯನ್ನೂ ಉಳಿಸಿಕೊಂಡರು. ದೇವರಿಗೆ ಮುಡಿಪೆಂದು ಹೇಳಿ ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ತಪ್ಪಿಸುವವರನ್ನು ನಮ್ಮ ಕರ್ತನು ಗದರಿಸಿದ್ದನ್ನು ಬಲ್ಲ ನಮಗೆ ಇದು ಹೊಸದಲ್ಲ.

ಇಷ್ಟರಿಂದ ನಾವು ಗ್ರಹಿಸತಕ್ಕದ್ದೇನು? ಮನೆಗೂ ಊರಿಗೂ ಸಲ್ಲಬೇಕಾದದ್ದನ್ನು ಸಲ್ಲಿಸುವುದಕ್ಕೆ ಒಳ್ಳೆಯ ಮನಸ್ಸು ಮಾತ್ರ ಸಾಲದು. ಸರದಿಯೂ ಮಿತಿಯೂ ಲೆಕ್ಕವೂ ಬೇಕು. ಚೀನದ ಹಳ್ಳಿಗರು ಇದನ್ನು ಚೆನ್ನಾಗಿ ಅರಿತಿದ್ದರು. ಆದರೆ ಅವರ ಪಟ್ಟಿಯಲ್ಲಿ ಒಂದು ಕೊರತೆಯುಂಟು. ಯಾರು ಎಷ್ಟು ಹಣವನ್ನು ಕೊಟ್ಟರೆಂಬುದು ಅದರಲ್ಲಿದೆ; ಕೋಳಿ ಕೂಗುವ ಮೊದಲು ಎದ್ದು ಒಲೆ ಹಚ್ಚಿದವಳಾರು, ವೃದ್ಧರಿಗೆ ಉಣ್ಣಿಸಿ ಅನಂತರ ಔತಣದ ಮನೆಗೆ ಪಾತ್ರೆ ತೊಳೆಯಲು ಹೋದವಳಾರು ಎಂಬುದು ಅದರಲ್ಲಿಲ್ಲ. ಬರೆಯದ ಲೆಕ್ಕವನ್ನು ತೀರಿಸುವವರೂ ಇರುವುದಿಲ್ಲ.

ಆದಕಾರಣ ಹೆಣ್ಣುಮಕ್ಕಳನ್ನು ಈ ಶಾಲೆಗೆ ಕಳುಹಿಸುವ ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಮಗಳಿಗೆ ದಾಕ್ಷಿಣ್ಯವನ್ನು ಕಲಿಸಿರಿ. ಅದರೊಡನೆ ನಿಮ್ಮ ಮಗನಿಗೆ ಒಲೆ ಹಚ್ಚುವುದನ್ನೂ ರೋಗಿಯ ಬಳಿ ಕೂತಿರುವುದನ್ನೂ ಕಲಿಸಿರಿ. ಸೊಸೆಯು ತವರಿಗೆ ಹೋಗಬೇಕಾದ ದಿನವನ್ನು ಅವಳು ಬೇಡಿ ಪಡೆಯುವಂತೆ ಮಾಡದೆ, ಹಬ್ಬದ ದಿನದಂತೆ ಮೊದಲೇ ಗೊತ್ತುಮಾಡಿರಿ. ಪ್ರಿಯ ವಿದ್ಯಾರ್ಥಿನಿಯರೇ, ವರ್ಷಾರಂಭದಲ್ಲಿ ಮನೆಯವರೆಲ್ಲರೂ ಕೂಡಿ ಕುಳಿತು, ಯಾವ ಕಾರ್ಯಕ್ಕೆ ಯಾರು ಹೋಗುವುದು, ಆಗ ಮನೆಯನ್ನು ಯಾರು ನೋಡಿಕೊಳ್ಳುವುದು, ಎಷ್ಟು ವೆಚ್ಚಮಾಡುವುದು ಎಂಬುದನ್ನು ಒಂದು ಕಾಗದದಲ್ಲಿ ಬರೆದಿಡಿರಿ. ಆ ಕಾಗದದಲ್ಲಿ ಹಣದ ಪಕ್ಕದಲ್ಲಿ ದುಡಿಮೆಗೂ ಒಂದು ಸಾಲು ಇರಲಿ.