ಅಳಿಯಕಟ್ಟು: ಮನೆಯ ನಂಟು, ಶಾಸನದ ನುಡಿ

ಕನ್ನಡದಲ್ಲಿ ‘ಅಳಿಯ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಮಗಳ ಗಂಡನೂ ಅಳಿಯನೇ, ಸೋದರಿಯ ಮಗನೂ ಅಳಿಯನೇ. ಕಾಸರಗೋಡಿನ ಹಳೆಯ ಮನೆತನಗಳ ದಸ್ತಾವೇಜುಗಳನ್ನು ಓದುವವರು ಈ ಎರಡನೆಯ ಅರ್ಥವನ್ನು ಮರೆತರೆ ಪತ್ರದ ತಾತ್ಪರ್ಯವೇ ತಲೆಕೆಳಗಾಗುತ್ತದೆ. ‘ಅಳಿಯಸಂತಾನ’ದಲ್ಲಿರುವವನು ಸೋದರಳಿಯ. ಆಸ್ತಿಯೂ ಮನೆತನದ ಹೆಸರೂ ತಂದೆಯಿಂದ ಮಗನಿಗಲ್ಲದೆ ಸೋದರಮಾವನಿಂದ ಅಳಿಯನಿಗೆ, ಅಂದರೆ ಹೆಣ್ಣಿನ ಸಂತತಿಯ ಮೂಲಕ, ಸಲ್ಲುವ ಕಟ್ಟಳೆ ಇದು.

ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರು ಅಳಿಯಕಟ್ಟನ್ನು ಅನುಸರಿಸಿದರೆ, ಬ್ರಾಹ್ಮಣರು ಮೊದಲಾದವರದು ಮಕ್ಕಳಕಟ್ಟು. ಅಳಿಯಕಟ್ಟಿನಲ್ಲಿ ‘ಕುಟುಂಬ’ವೆಂದರೆ ಒಬ್ಬ ಮೂಲಸ್ತ್ರೀಯಿಂದ ಹೆಣ್ಣುವಂಶದಲ್ಲಿ ಬಂದವರೆಲ್ಲರ ಕೂಟ. ಅದರೊಳಗೆ ಒಬ್ಬ ಸ್ತ್ರೀಯೂ ಆಕೆಯ ಹೆಣ್ಣುಸಂತತಿಯಲ್ಲಿ ಹುಟ್ಟಿದವರೂ ಸೇರಿದ ಕವಲು ‘ಕವರು’. ಆಡಳಿತ ನಡೆಸುವವನು ಯಜಮಾನ, ನಡೆಸುವವಳು ಯಜಮಾನ್ತಿ. ಭೂತಾಳಪಾಂಡ್ಯನೆಂಬ ಅರಸನು ಈ ಕಟ್ಟನ್ನು ವಿಧಿಸಿದನೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಅದು ಐತಿಹ್ಯವೇ ಹೊರತು ಚರಿತ್ರೆಯಲ್ಲ.

ಈ ವ್ಯವಸ್ಥೆಯಲ್ಲಿ ವಿವಾಹವು ಹೆಣ್ಣಿನ ಕುಟುಂಬವನ್ನು ಬದಲಿಸುತ್ತಿರಲಿಲ್ಲ. ಆಕೆ ಗಂಡನ ಮನೆಯಲ್ಲಿ ಬಾಳಿದರೂ ಹಕ್ಕು ತವರಿನಲ್ಲೇ ಇರುತ್ತಿತ್ತು. ಮಕ್ಕಳೂ ತಾಯಿಯ ಕುಟುಂಬಕ್ಕೇ ಸೇರುತ್ತಿದ್ದರು. ಗಂಡ ತೀರಿಕೊಂಡರೂ ನಂಟು ಮುರಿದರೂ ಆಕೆಗೆ ನೆಲೆ ತಪ್ಪುತ್ತಿರಲಿಲ್ಲ. ಆದರೆ ಇದಕ್ಕೊಂದು ಮರುಮುಖವಿತ್ತು. ತಂದೆಯ ಆಸ್ತಿಯಲ್ಲಿ ಮಕ್ಕಳಿಗೆ ಪಾಲಿರಲಿಲ್ಲ. ಹೆಂಡತಿಗೆ ಗಂಡನಿಂದ ಜೀವನಾಂಶ ಪಡೆಯುವ ಹಕ್ಕೂ ಭದ್ರವಾಗಿರಲಿಲ್ಲ. ಇಂತಹ ದಾಂಪತ್ಯವನ್ನು ಕಾನೂನುಬದ್ಧ ವಿವಾಹವೆಂದು ಒಪ್ಪಲು ಹತ್ತೊಂಬತ್ತನೆಯ ಶತಮಾನದ ಮದರಾಸು ನ್ಯಾಯಾಲಯಗಳು ಹಿಂಜರಿದವು. ಎಲ್ಲ ಸದಸ್ಯರ ಸಮ್ಮತಿಯಿಲ್ಲದೆ ಕುಟುಂಬದ ಆಸ್ತಿಯನ್ನು ಪಾಲುಮಾಡಲು ಬಾರದೆಂಬ ನಿಲುವೂ ಆ ಕಾಲದಲ್ಲೇ ನೆಲೆಗೊಂಡಿತು.

ಈ ತೊಡಕುಗಳಿಗೆ ಪರಿಹಾರವಾಗಿ ಬಂದುದು 1949ರ ಮದರಾಸು ಅಳಿಯಸಂತಾನ ಕಾಯಿದೆ. ಕವರುಗಳು ಪಾಲು ಕೇಳಬಹುದೆಂದು ಅದು ವಿಧಿಸಿತು. ಇಂಗ್ಲಿಷಿನಲ್ಲಿ ರಚಿತವಾದ ಈ ಶಾಸನವು ಕುಟುಂಬ, ಕವರು, ಸಂತತಿ ಕವರು, ನಿಸ್ಸಂತತಿ ಕವರು ಎಂಬ ಪದಗಳನ್ನು ಅನುವಾದಿಸದೆ ಹಾಗೆಯೇ ಉಳಿಸಿಕೊಂಡಿತು. ಐವತ್ತು ವರ್ಷ ತುಂಬದ ಒಬ್ಬ ಸ್ತ್ರೀಯಾದರೂ ಇರುವ ಕವರು ‘ಸಂತತಿ ಕವರು’. ಇಲ್ಲದ್ದು ‘ನಿಸ್ಸಂತತಿ ಕವರು’. ಸಂತತಿ ಕವರು ಉಳಿದಿರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ದೊರೆಯುತ್ತಿದ್ದುದು ಜೀವಿತಾವಧಿಯ ಹಕ್ಕು ಮಾತ್ರ. ಒಂದು ‘ನಿಸ್’ ಉಪಸರ್ಗದ ಮೇಲೆ ಒಂದು ಕವಲಿನ ಹಕ್ಕಿನ ಅಳತೆ ನಿಂತಿತ್ತು.

1956 ಕಾಸರಗೋಡಿನ ಪಾಲಿಗೆ ಎರಡು ಬಗೆಯ ಪಲ್ಲಟಗಳ ವರ್ಷ. ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತು. ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮನೆಯ ಕಟ್ಟಳೆಯೂ ನಾಡಿನ ಗಡಿಯೂ ಐದು ತಿಂಗಳೊಳಗೆ ಬದಲಾದವು. ಆ ಕಾಯಿದೆಯ 7ನೆಯ ಪ್ರಕರಣದಂತೆ, ಮೃತರಿಗೆ ಕುಟುಂಬದ ಆಸ್ತಿಯಲ್ಲಿದ್ದ ಅವಿಭಕ್ತ ಹಕ್ಕು ಇನ್ನು ಮುಂದೆ ಅಳಿಯಕಟ್ಟಿನಂತೆ ಸಲ್ಲದೆ, ಉಯಿಲಿನಂತೆ ಅಥವಾ ಹೊಸ ಕಾಯಿದೆಯಂತೆ ವಾರಸುದಾರರಿಗೆ ಸಲ್ಲಬೇಕಾಯಿತು. ಆದರೂ 17ನೆಯ ಪ್ರಕರಣದಲ್ಲಿ ಹಳೆಯ ಕಟ್ಟಿನ ನೆರಳು ಉಳಿಯಿತು: ಅಳಿಯಸಂತಾನದ ಸ್ತ್ರೀ ಉಯಿಲು ಬರೆಯದೆ ತೀರಿಕೊಂಡರೆ ಮೊದಲ ಸಾಲಿನ ವಾರಸುದಾರರು ಆಕೆಯ ಮಕ್ಕಳು ಮತ್ತು ತಾಯಿ, ತಂದೆ ಹಾಗೂ ಗಂಡ ಎರಡನೆಯ ಸಾಲಿನವರು.

ಮಕ್ಕಳ ಪಾಲಕತ್ವದಲ್ಲಿ ಮಾತ್ರ ಇಂತಹ ನೆರಳು ಉಳಿಯಲಿಲ್ಲ. ಅದೇ ವರ್ಷದ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯು ವಿವಾಹದಲ್ಲಿ ಹುಟ್ಟಿದ ಮಗುವಿಗೆ ತಂದೆಯನ್ನು ಸಹಜ ಪಾಲಕನೆಂದೂ ಅವನ ‘ನಂತರ’ ತಾಯಿಯನ್ನೂ ಹೆಸರಿಸಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರಬೇಕೆಂದಿತು. ಮಗು ತಾಯಿಮನೆಯದೆಂದು ತಲೆಮಾರುಗಳಿಂದ ನಂಬಿದ್ದವರಿಗೆ ಇದು ತಿರುವುಮುರುವಾದ ಕ್ರಮ. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ‘ನಂತರ’ವೆಂದರೆ ತಂದೆಯ ಮರಣದ ನಂತರವೆಂದಷ್ಟೇ ಅಲ್ಲ, ಆತನ ‘ಗೈರುಹಾಜರಿಯಲ್ಲಿ’ ಎಂದೂ ಅರ್ಥೈಸಿತು. ಎಲ್ಲಕ್ಕೂ ಮಿಗಿಲಾದುದು ಮಗುವಿನ ಹಿತವೆಂದು ಕಾಯಿದೆಯ 13ನೆಯ ಪ್ರಕರಣವೇ ಹೇಳುತ್ತದೆ.

ಗಡಿಯ ಎರಡು ಬದಿಗಳಲ್ಲಿ ಮುಂದಿನ ಹಾದಿ ಬೇರೆಯಾಯಿತು. ಕೇರಳದಲ್ಲಿ ಅವಿಭಕ್ತ ಹಿಂದೂ ಕುಟುಂಬ ಪದ್ಧತಿಯ ರದ್ದಿಯಾತಿ ಕಾಯಿದೆಯು 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದು, ಕುಟುಂಬ ಮತ್ತು ಕವರುಗಳ ಆಸ್ತಿಯನ್ನು ಸದಸ್ಯರ ತಲಾ ಪಾಲಾಗಿ ಪರಿಗಣಿಸಿತು. ಕರ್ನಾಟಕದಲ್ಲಿ ಅಂತಹ ರದ್ದಿಯಾತಿ ನಡೆಯಲಿಲ್ಲ. ಮಂಜೇಶ್ವರದಲ್ಲೂ ಮಂಗಳೂರಿನಲ್ಲೂ ಭೂಮಿಯಿರುವ ಒಂದೇ ಕುಟುಂಬವು ತಲಪಾಡಿಯ ಈಚೆಗೊಂದು, ಆಚೆಗೊಂದು ಲೆಕ್ಕವನ್ನು ಇಡಬೇಕಾಯಿತು.

ಕನ್ನಡ ವಿದ್ಯಾರ್ಥಿಗಳಿಗೆ ಇದು ಬರಿಯ ಕಾನೂನಿನ ಸಂಗತಿಯಲ್ಲ. ಕಾಸರಗೋಡಿನ ಅನೇಕ ಮನೆಗಳಲ್ಲಿ ಹಕ್ಕಿನ ಆಧಾರ ಇಂದಿಗೂ ಅಜ್ಜಿಯ ಕಾಲದ ಕನ್ನಡ ಪಾಲುಪಟ್ಟಿಯೇ ಆಗಿರುತ್ತದೆ. ಮಲಯಾಳದಲ್ಲಷ್ಟೇ ಓದಿದ ಮೊಮ್ಮಕ್ಕಳಿಗೆ ಅದರ ಲಿಪಿ ಅಪರಿಚಿತ. ‘ಯಜಮಾನ್ತಿ’ಯನ್ನು ಯಜಮಾನನ ಹೆಂಡತಿಯೆಂದು ತಿಳಿದರೆ, ಸ್ವಂತ ಅಧಿಕಾರದಿಂದ ಕುಟುಂಬವನ್ನು ಆಳಿದ ಒಬ್ಬ ಹಿರಿಯಳು ದಾಖಲೆಯಿಂದಲೇ ಅಳಿಸಿಹೋಗುತ್ತಾಳೆ. ‘ಅಳಿಯ’ನನ್ನು ಮಗಳ ಗಂಡನೆಂದು ಓದಿದರೆ ಹಕ್ಕೇ ಬೇರೆ ಮನೆಗೆ ಹೋಗುತ್ತದೆ. ಪದದ ಅರ್ಥವನ್ನು ಸರಿಯಾಗಿ ಹೇಳಬಲ್ಲವನ ಅಗತ್ಯ ಅಲ್ಲಿ ವಕೀಲನ ಅಗತ್ಯಕ್ಕಿಂತ ಮೊದಲೇ ಬರುತ್ತದೆ.